ನೂರ ಹನ್ನೆರಡನೇ ಪುಟ

ವರ್ಷಕ್ಕೊಮ್ಮೆ ಬರುವ ಕನ್ನಡದ ಪೆಟ್ಟಿಗೆ
ಆ ಸಲ ಜೂನು ಕಳೆದು ಆಗಸ್ಟಿಗೆ ಬಂತು.
ಬಿಲ್ಲು ಮಲಯಾಳದಲ್ಲಿ, ಒಳಗೆ ಹದಿನೇಳು ಪುಸ್ತಕ;
ಐದು ಕೃಷಿಯ ಬಗ್ಗೆ, ಎರಡಕ್ಕೆ ಆಗಲೇ ಗೆದ್ದಲು,
ಮಕ್ಕಳು ಮುಟ್ಟುವಂಥದ್ದು ಒಂದೇ ಒಂದು:
ತಮ್ಮನನ್ನು ಕಾಗೆ ಮಾಡಿದ ಅಕ್ಕನ ಕಥೆ.

ಬೈಂಡು ಬಿಡುವಷ್ಟು ಓದಿದರು.
ಕುಂಬಳೆಯ ನಮ್ಮ ಶಾಲೆಯ ಹಿಂದೆ ಇಡೀ ಐದನೇ ಕ್ಲಾಸು
ಗೇರುಮರದ ಕಡೆ ಕೈ ಚಾಚಿ ಏನೋ ಗೊಣಗುತ್ತಿತ್ತು.
ಒಂದು ಕಾಗೆ ಬಂದು ಅಬೂಬಕ್ಕರನ ಮೊಟ್ಟೆ ಕದ್ದಾಗ
"ತಮ್ಮಾ" ಎಂದು ಎಲ್ಲರೂ ಒಟ್ಟಿಗೆ ಕೂಗಿದರಂತೆ.

ಆಮೇಲೆ ದೂರು.
ಪಿಟಿಎ ಮೀಟಿಂಗು, ಬಿಸ್ಕತ್ತು, ಕಣ್ಣ ಚಾ.
ಅದು ಸಿಹ್ರ್, ಹರಾಮು ಎಂದರು ಉಸ್ತಾದರು.
ದೀಕ್ಷೆಯಿಲ್ಲದ ಬಾಯಲ್ಲಿ ಮಂತ್ರವೇ ಎಂದರು ಶಂಭಟ್ಟರು.
ಪಂಚಾಯತಿನ ರಸ್ತೆ ಜಗಳದ ಮೇಲೆ
ಮುಖ ನೋಡದಿದ್ದ ಇಬ್ಬರೂ ಒಂದೇ ಬೆಂಚಿನಲ್ಲಿ,
ಒಂದೇ ಪ್ಲೇಟಿಗೆ ಕೈ ಹಾಕಿ.
ಇಂಥ ಮಾಟ ಆ ಪುಸ್ತಕದಲ್ಲೂ ಇರಲಿಕ್ಕಿಲ್ಲ.

ನಾನು ಎದ್ದು ಭಾಷಣ ಮಾಡಿದೆ.
ಕಲ್ಪನೆ ಎಂದೆ, ಬಾಲ್ಯ ಎಂದೆ,
ಗಡಿಯಲ್ಲಿ ಕನ್ನಡ ಉಳಿಯುವುದು ಹೀಗೆ ಎಂದೆ.
ಚಪ್ಪಾಳೆಯೂ ಬಿತ್ತು, ಎರಡೋ ಮೂರೋ.

ಕೊನೆಗೆ ಎದ್ದವರು ಅಪೊಲಿನ್ ಬಾಯಿ,
ಇಗರ್ಜಿಯಲ್ಲಿ ಮೂವತ್ತು ವರ್ಷ ದೊತೊರ್ನ್ ಕಲಿಸಿದವರು.
ಕೈಯಲ್ಲಿ ಅದೇ ಪುಸ್ತಕ, ಹಳೇ ಕ್ಯಾಲೆಂಡರಿನ ಹೊದಿಕೆ ಹಾಕಿ.
ಮೊಮ್ಮಗಳು ಫ್ಲೇವಿಯ ಚೀಲದಲ್ಲಿ ಸಿಕ್ಕಿದ್ದು.

"ಮೂರು ರಾತ್ರಿ ಓದಿದೆ ಟೀಚರೇ. ಚಂದ ಬರೆದಿದ್ದಾನೆ, ಪಾಪಿ.
ಒಂದು ಕೇಳ್ತೇನೆ.
ಹುಡುಗಿ ಮಾತು ಹೇಳ್ತಾಳೆ, ಹುಡುಗ ಕಾಗೆ ಆಗ್ತಾನೆ.
ನಡುವೆ ಆ ಕೆಲಸ ಮಾಡಿದ್ದು ಯಾರು?
ನಾವು ಬೇಡ್ತೇವೆ. ಅವನು ಕೊಡಬಹುದು, ಕೊಡದೆಯೂ ಇರಬಹುದು.
ನನಗೆ ಕೊಡ್ಲಿಲ್ಲ, ಅದು ಬೇರೆ ಮಾತು.
ಇಲ್ಲಿ ಬೇಡುವುದೇ ಇಲ್ಲ, ಬರೀ ಆಜ್ಞೆ.
ಹೇಳಿದ ಕೂಡಲೇ ಹೂಂ ಅನ್ನುವವ ಒಬ್ಬ ಇದ್ದರೆ
ಮಕ್ಕಳಿಗೆ ಅವನ ಪರಿಚಯ ಬೇಡ."

ನನ್ನಲ್ಲಿ ಉತ್ತರ ಇರಲಿಲ್ಲ.
ಉತ್ತರ ಇರಬೇಕಾದರೆ ಓದಿರಬೇಕಿತ್ತು.
ರಿಜಿಸ್ಟರಿನಲ್ಲಿ ನಂಬರು ಬರೆದು ಸೀಲು ಒತ್ತಿದ್ದೆ,
ನನಗೂ ಆ ಪುಸ್ತಕಕ್ಕೂ ಅಷ್ಟೇ ಸಂಬಂಧ.

ಅದು ಬೀರುವಿನೊಳಗೆ ಹೋಯಿತು,
ಒಡೆದ ಗ್ಲೋಬು, ಚುನಾವಣೆಯ ಶಾಯಿ ಬಾಟ್ಲಿಗಳ ಜೊತೆ.
ಬೀಗದ ಕೈ ಹೆಡ್‌ಮಾಷ್ಟ್ರ ಹತ್ತಿರ.
ಅವರಿಗೆ ಕನ್ನಡ ಓದಲು ಬಾರದು.

ನಾಲ್ಕು ವರ್ಷದ ಮೇಲೆ, ಮೊನ್ನೆ, ಮೀನು ಮಾರ್ಕೆಟ್ಟಿನಲ್ಲಿ
ಬಂಗುಡೆಯ ಕಿವಿರು ಎತ್ತಿ ನೋಡುತ್ತಾ
ಅಪೊಲಿನ್ ಬಾಯಿ, ತಲೆ ಎತ್ತದೆಯೇ:
"ಆ ಕಾಗೆ ತಿರುಗಿ ಹುಡುಗ ಆಯ್ತಾ ಟೀಚರೇ?
ಕೊನೇ ಭಾಗ ನಾನು ಓದ್ಲಿಲ್ಲ.
ಅಕ್ಕ ಅಂಗಳದಲ್ಲಿ ಅನ್ನ ಇಟ್ಟು ಕರೀತಾಳಲ್ಲ,
ಅಲ್ಲಿಗೆ ಮುಚ್ಚಿದೆ. ಹೆದರಿಕೆ ಆಯ್ತು."

ಆಯ್ತು ಬಾಯಿ, ಎಂದುಬಿಟ್ಟೆ.

"ಮಂತ್ರದಿಂದಲೋ? ಕರೆದದ್ದಕ್ಕೋ?"

ನಾನು ಬಂಗುಡೆಯ ಕಣ್ಣು ನೋಡುತ್ತ ನಿಂತೆ.
ಅವರು ನೂರು ರೂಪಾಯಿಗೆ ಎಷ್ಟು ಎಂದು ಚೌಕಾಶಿಗೆ ತೊಡಗಿದರು.

ಮರುದಿನ ಬೀಗದ ಕೈ ಕೇಳಿ ತಂದೆ.
ನೂರ ಹನ್ನೆರಡನೇ ಪುಟದಲ್ಲಿ ಒಂದು ಸಣ್ಣ ಬಣ್ಣದ ಚಿತ್ರ,
ಕಳೆದದ್ದನ್ನು ಹುಡುಕಿಕೊಡುವ ಸಂತ ಅಂತೋನಿ.
ಬೆನ್ನಿಗೆ ಪೆನ್ಸಿಲಿನಲ್ಲಿ:
ಲಿಗೋರಿ. ಬೊಂಬಾಯಿ. ೧೯೭೧.
ಇದ್ದಲ್ಲೇ ಇಟ್ಟೆ.

ಕುರ್ಚಿ ಎಳೆದುಕೊಂಡು ಮೊದಲಿಂದ ಶುರು ಮಾಡಿದ್ದೇನೆ.
ಹೊರಗೆ ಬೆಲ್ಲು ಹೊಡೆಯಿತು, ನನ್ನ ಪೀರಿಯಡ್ಡು.
ಅಕ್ಕನಿಗೆ ಇನ್ನೂ ಸಿಟ್ಟು ಬಂದಿಲ್ಲ.
ಎಂಟನೇ ಪುಟ,
ತಮ್ಮ ಇನ್ನೂ ಹುಡುಗ.