ಅರ್ಥ್ ಸಿಗ್ತಿಲ್ಲ

ಎಪ್ಪತ್ತೊಂಬತ್ತರ ಎಜ್ಡಿ. ಆರು ವೋಲ್ಟಿನ ಜೀವ.
ದಿಬ್ಬೂರಹಳ್ಳಿ ರಸ್ತೆಯ ನಾಲ್ಕೂವರೆ ನಸುಕಿನಲ್ಲಿ
ಅದರ ಹೆಡ್‌ಲೈಟು
ಎಣ್ಣೆ ತೀರಿದ ಬುಡ್ಡಿಯ ಹಾಗೆ ಹಳದಿ,
ತನ್ನ ಮಡ್‌ಗಾರ್ಡನ್ನಷ್ಟೇ ತಾನು ನೋಡಿಕೊಳ್ಳುತ್ತ.
ಬೆನ್ನ ಹಿಂದೆ ಎರಡು ಮೂಟೆ ಗೂಡು.
ಮೊನ್ನೆ ಎದುರಿಗೆ ಸೊಪ್ಪಿನ ಟ್ರ್ಯಾಕ್ಟರು ನಿಂತದ್ದು
ಹಿಪ್ಪುನೇರಳೆ ಎಲೆ ಮುಖಕ್ಕೆ ತಾಗಿದ ಮೇಲೇ ಗೊತ್ತಾದದ್ದು.

ಬಲ್ಬು ಬದಲಿಸಿದೆ. ಬ್ಯಾಟರಿಗೆ ನೀರು ಹಾಕಿದೆ.
ಬಟ್ಟಲಿನ ಕನ್ನಡಿಯನ್ನು ವಿಭೂತಿ ಹಚ್ಚಿ ಉಜ್ಜಿದೆ.
ಚಿಂತಾಮಣಿಯವನೊಬ್ಬ, ಮಾರಿಬಿಡಿ ಎಂದ.

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನ ಹಿಂದೆ
ಅಲ್ಲಾಬಕಾಶನ ಅಂಗಡಿ.
ಇಪ್ಪತ್ತು ವರ್ಷ ನೂಲು ಬಿಚ್ಚಿದ ಬೆರಳು;
ಬಿಸಿನೀರ ಬಾಂಡ್ಲಿಯಲ್ಲಿ ಗೂಡು ಕುಣಿಸಿ
ಕಾಣದ ಎಳೆಯ ತುದಿ ಹಿಡಿಯುತ್ತಿದ್ದವನು
ಮಿಷನ್ನು ಬಂದ ಮೇಲೆ ವೈರಿಗೆ ಬಂದ.

ಮೊದಲು ಮೀಟರು ಮುಟ್ಟಲಿಲ್ಲ.
ಹೆಬ್ಬೆರಳು ಸವರುತ್ತ ಹೋದ
ಹ್ಯಾಂಡಲ್ ಕೆಳಗೆ, ಟ್ಯಾಂಕಿನ ಹೊಟ್ಟೆಯಡಿ,
ಸ್ವಿಚ್ಚಿನ ಹತ್ತಿರ ಒಮ್ಮೆ ನಿಂತು
"ಯಾರೋ ಟೇಪು ಸುತ್ತವ್ರೆ, ಬೀಡಿ ಸುತ್ತಿದಂಗೆ."
ಆಮೇಲೆ ಮೀಟರು:
ಬ್ಯಾಟರಿಯಲ್ಲಿ ಆರು ಪಾಯಿಂಟು ಎರಡು,
ಬಲ್ಬಿನ ಬಾಯಲ್ಲಿ ನಾಲ್ಕು ಪಾಯಿಂಟು ಒಂದು.
ನಡುವೆ ಎರಡು ವೋಲ್ಟು ತಿಂದವರು ಯಾರು?

"ಅರ್ಥ್ ಸಿಗ್ತಿಲ್ಲ ಸಾಮಿ."
ಯಾವುದಕ್ಕೆ, ಅಂದೆ.
ಅವನಿಗೆ ನಗು ಬರಲಿಲ್ಲ.
"ಕರೆಂಟು ಹೋಗೋದೇನೋ ಹೋಗ್ತದೆ.
ವಾಪಸ್ ಬರಕ್ಕೆ ದಾರಿ ಬೇಕಲ್ಲ."

ಬ್ಯಾಟರಿಯ ಅರ್ಥ್ ತಂತಿ ಹಿಡಿದ ಬೋಲ್ಟು ಬಿಚ್ಚಿದ.
ವಾಷರಿನ ಕೆಳಗೆ, ದಪ್ಪಗೆ,
ಹೊಳೆಯುತ್ತಿತ್ತು ನನ್ನದೇ ಮೆರೂನ್ ಬಣ್ಣ.
ಆಯುಧಪೂಜೆಗೆಂದು ಮೂರು ಕೋಟು,
ನಾದಿನಿಯ ನಿಶ್ಚಿತಾರ್ಥಕ್ಕೂ ಹೋಗದೆ, ನಾನೇ,
ಒಂದು ಸಂದನ್ನೂ ಬಿಡದೆ ಬಳಿದದ್ದು.

ಅಲ್ಲಾಬಕಾಶ ನನ್ನ ಮುಖ ನೋಡಲಿಲ್ಲ.
ಅದು ಅವನ ಮರ್ಯಾದೆ.
ಉಪ್ಪುಕಾಗದ ಚಾಚಿದ: "ನೀವೇ ಉಜ್ಜಿ."
ಉಜ್ಜಿದೆ. ಎಂಟಾಣೆ ಅಗಲದ ಕಬ್ಬಿಣ,
ಬೂದು, ಬೆತ್ತಲೆ,
ಯಾರೂ ಕುಂಕುಮ ಇಡುವಂಥದ್ದಲ್ಲ.
ವ್ಯಾಸಲೀನು ಸವರಿ ಬಿಗಿದ.

ಮಗ್ರಿಬಿಗೆ ಇನ್ನೂ ಐದು ನಿಮಿಷ. ಒದ್ದೆ.
ಎದುರು ಗೋಡೆಗೆ ಒರಗಿಸಿದ ಚಂದ್ರಿಕೆಯ
ಒಂದೊಂದು ಬಿದಿರ ಸುತ್ತೂ ಎದ್ದು ಬಂತು;
ಅದರೊಳಗೆ, ಅಂಚಿನಲ್ಲಿ,
ಯಾರೋ ಬಿಡಿಸಲು ಮರೆತ ಒಂದೇ ಗೂಡು.
ನೋಡುತ್ತ ನಿಂತೆ.

"ಡಿಪ್ ಮಾಡಿ ಸಾಮಿ," ಎಂದ ಅಲ್ಲಾಬಕಾಶ,
"ಅಲ್ಲಿ ನಮ್ಮತ್ತೆ ಕೂತವ್ಳೆ."