ಜೇಬು

ತೀನ್ ಕಂದೀಲಿನ ಗಲ್ಲಿಯಲ್ಲಿ ಚಾಂದಪಾಷಾ
ಹಳೇ ಪೇಪರಿನಿಂದ ವಾಲ್ವು ಬಿಚ್ಚಿ ಕೊಡುತ್ತ ಹೇಳಿದ್ದು ಒಂದೇ:
"ಇನ್ನೂರೈವತ್ತು ವೋಲ್ಟ್ ಇರತೈತಿ ಯವ್ವಾ,
ಒಂದ್ ಕೈ ಜೇಬಿನ್ಯಾಗ ಇಟಗೊಂಡ ಮುಟ್ಟು."

ನನ್ನ ಕುರ್ತಾಕ್ಕೆ ಜೇಬೇ ಇಲ್ಲ.
ಎರಡೂ ಕೈ ಒಳಗಿಟ್ಟರೆ ಕರೆಂಟು
ಎದೆಯ ಮೇಲೆ ಹಾದು ಹೋಗುತ್ತದಂತೆ.
ಹಳೇ ಲಂಗದ ತುಂಡು ಹರಿದು
ಎಡಕ್ಕೊಂದು ಹೊಲಿದುಕೊಂಡೆ.

ಶೇಂಗಾ ಎಣ್ಣೆಯ ಡಬ್ಬಿ ಕತ್ತರಿಸಿ ಚಾಸಿ.
ಆರು ರೆಸಿಸ್ಟರು, ಸ್ವಿಚ್ಚು ಆರಿಸಿದ ಮೇಲೂ
ಸಿಟ್ಟು ಇಟ್ಟುಕೊಳ್ಳುವ ಎರಡು ಕೆಪಾಸಿಟರು,
ನಡುವೆ ಹೆಬ್ಬೆರಳಷ್ಟು ಗಾಜು.

ಮೊದಲ ಸಲ ಹಚ್ಚಿದಾಗ ಬರೀ ಗುಂಯ್.
ಶಕ್ತಿನಗರದ ಚಿಮಣಿ ಬಿಟ್ಟು ತಂತಿ ಹಿಡಿದು
ಸೆಕೆಂಡಿಗೆ ಐವತ್ತು ಹೆಜ್ಜೆಯಂತೆ
ನನ್ನ ಕೋಣೆಯ ತನಕ ನಡೆದು ಬಂದ ಗುಂಯ್.
ಮೂರು ರಾತ್ರಿ ಹುಡುಕಿದೆ. ಅರ್ಥಿಂಗಿನ ತಂತಿಗಳು
ತಲಾ ಒಂದು ಮೂಲೆ ಹಿಡಿದು ಜಗಳಕ್ಕೆ ನಿಂತಿದ್ದವು;
ಎಲ್ಲವನ್ನೂ ಎಳೆತಂದು ಒಂದೇ ಸ್ಕ್ರೂವಿಗೆ ಬಿಗಿದೆ.

ಇಳಿಯಿತು. ಪೂರ್ತಿ ಹೋಗಲಿಲ್ಲ.
ಪೆನ್ಸಿಲಿನಿಂದ ಗಾಜು ತಟ್ಟಿದರೆ
ಸ್ಪೀಕರಿನಲ್ಲಿ ಟಿಣ್.

ಲೇಬಲ್ಲು ಸವೆದ ರೆಕಾರ್ಡು ಇಟ್ಟೆ,
ಯಾರು ಹಾಡಿದ್ದೋ ಗೊತ್ತಿಲ್ಲ.
ಮುಳ್ಳು ಇಳಿಯಿತು. ಹಾಡಿಗೆ ಮುಂಚೆ
ಆ ಹೆಂಗಸು ಉಸಿರು ಎಳೆದುಕೊಂಡದ್ದು ಕೇಳಿಸಿತು.
ಹನ್ನೊಂದು ವರ್ಷದಿಂದ ನನ್ನ ಬಳಿಯೇ ಇದ್ದೂ
ಈ ರೆಕಾರ್ಡು ಅದನ್ನು ಬಾಯಿಬಿಟ್ಟಿರಲಿಲ್ಲ.

ನಡುರಾತ್ರಿ, ಗೋಡೆ ಇನ್ನೂ ಸುಡುತ್ತಿತ್ತು.
ಡಬ್ಬಿಯ ಮೇಲೆ ಬೀಡಿ ತುದಿಯಷ್ಟು ಕೆಂಪು.
ಮುಳ್ಳು ಎತ್ತಲು ಹೋದಾಗ ಗೊತ್ತಾಯಿತು,
ಎಡಗೈ ಜೇಬಿನಲ್ಲೇ ಇತ್ತು,
ಬೆವೆತು, ಮುಷ್ಟಿ ಕಟ್ಟಿ.