ಎಂಟರ ಬುಡ

ಸೀಟು ಬಿಚ್ಚಿ ಹೊರಗಿಟ್ಟ ಮೇಲೆ
ಕಾರು ಅಂದರೆ ಇಷ್ಟೇ:
ಎರಡು ಬಾಗಿಲು, ಒಂದು ಸ್ಟೀರಿಂಗು,
ನಡುವೆ ಗೇರ್‌ಬಾಕ್ಸಿನ ಗುಡ್ಡ,
ಮಲಗಿದ ಹಸುವಿನ ಬೆನ್ನಿನ ಹಾಗೆ.
ಚಪ್ಪಟೆ ಬಟ್ಟೆಗೆ ಗುಡ್ಡದ ಬುದ್ಧಿ ಹೇಳೋದು
ನಲವತ್ತು ವರ್ಷದಿಂದ ನನ್ನ ಕಸುಬು.

"ಭಾನುವಾರ ರ್‍ಯಾಲಿ, ಶಿವಮಾದು" ಅಂದರು ಅರಸ್ ಡಾಕ್ಟರು,
"ಬೆಟ್ಟ ಹತ್ತಿ ಇಳೀಬೇಕು. ಇಂಜಿನ್ನು ಆಯಿತು, ಬಣ್ಣ ಆಯಿತು,
ಕಾಲ ಕೆಳಗಿಂದು ನೀನು ನೋಡಿಕೊ."
ಕಾಲ ಕೆಳಗಿಂದು ಯಾವಾಗಲೂ ಕಡೆಗೇ.
ಬಣ್ಣದವನಿಗೆ ಮೂರು ತಿಂಗಳು, ನನಗೆ ಮೂರು ದಿನ.

ಮಂಡಿ ಮೊಹಲ್ಲಾದ ಈ ಗಲ್ಲಿಗೆ ಬಿಸಿಲು
ಹನ್ನೊಂದಕ್ಕೆ ಬಂದು ಒಂದಕ್ಕೆ ಹೊರಡುತ್ತೆ.
ಅಷ್ಟರೊಳಗೇ ಕತ್ತರಿ ಆಡಬೇಕು;
ನೂಲಿನ ಮುಖ ಯಾವ ಕಡೆಗಿದೆ ಅಂತ
ಟ್ಯೂಬ್‌ಲೈಟು ಹೇಳಲ್ಲ.
ಅಂಗೈಯಲ್ಲಿ ಸವರಿ ನೋಡು ಅಂದೆ ಯಶವಂತನಿಗೆ,
ಬೆಕ್ಕಿನ ಮೈ ಇದ್ದ ಹಾಗೆ: ಹೀಗೆ ಸವರಿದರೆ ಹಸಿರು,
ಹಾಗೆ ಸವರಿದರೆ ಹೆಚ್ಚುಕಮ್ಮಿ ಕಪ್ಪು.
ಸವರಿದ. ಬೆರಳಲ್ಲಿ ಬೋಂಡದ ಎಣ್ಣೆ.
ಬಯ್ದೆ.

ಹಳೆಯದನ್ನು ಕೀಳುವಾಗ ಒಳಗಿಂದ
ಒಂದು ಹೇರ್‌ಪಿನ್ನು, ಹುಣಸೆಬೀಜ,
ರೇಸ್‌ಕೋರ್ಸಿನ ಅರ್ಧ ಚೀಟಿ, ಯಾವ ಕುದುರೆಯೋ,
ಇಲಿ ಹರಿದ ಸೆಣಬಿನ ಫೆಲ್ಟು, ಅಂಟಿನ ಕಮಟು.
ಡ್ರೈವರ್ ಸೀಟಿನ ಅಡಿಗೆ ಒಂದು ಜೋಡು.
ಒಂದೇ ಇಂಚಿನ ಪಟ್ಟಿ, ಅದೇ ಕೆಂಪು ನೂಲಲ್ಲಿ
ಎಷ್ಟು ಒತ್ತಾಗಿ ಹೊಲಿದಿದ್ದರೆಂದರೆ
ಉಗುರಿಗೆ ಸಿಕ್ಕಿತು, ಕಣ್ಣಿಗೆ ಸಿಗಲಿಲ್ಲ.
"ಯಾವನೋ ಕಳ್ಳ" ಅಂದೆ, "ಅಳತೆ ತಪ್ಪಿ ಮುಚ್ಚಿಟ್ಟಿದ್ದಾನೆ."
ಯಶವಂತ ನಕ್ಕ. ನಾನೂ.

ಆಮೇಲೆ ನೆಲ ಒರೆಸಿದೆ.
ಈ ಜಾತಿ ಕಾರಿಗೆ ನೆಲ ಮರದ ಹಲಗೆ.
ಸೀಮೆಎಣ್ಣೆ ಬಟ್ಟೆಗೆ ಕರಿ ಬಿಟ್ಟುಕೊಂಡು
ನೀಲಿ ಪೆನ್ಸಿಲ್ಲಿನ ಗೀಟು ಮೇಲೆ ಬಂತು.
ಉರ್ದು ಅಂಕಿ.
ಖಲಂದರ್ ಉಸ್ತಾದರ ಕೈ.

ಅವರು ನನಗೆ ಕಲಿಸಿದ ಮೊದಲ ಲೆಕ್ಕ ಅದು:
ಏಳಕ್ಕೆ ಬಾಯಿ ಮೇಲೆ, ಎಂಟಕ್ಕೆ ಬಾಯಿ ಕೆಳಗೆ.
ಏಳು ಮಳೆ ಹಿಡಿಯುತ್ತೆ, ಎಂಟು ಮಳೆ ತಡೆಯುತ್ತೆ,
ಅನ್ನುತ್ತಿದ್ದರು, ಬೀಡಿ ತುಟಿಯಲ್ಲೇ ಇಟ್ಟು.
ಜೋಡು ಹಾಕೋನು ಕಳ್ಳ ಅನ್ನುತ್ತಿದ್ದರು,
ಗಜಕಡ್ಡಿ ಮೊಣಕಾಲಿಗೆ ಬೀಳುತ್ತಿತ್ತು.

ನಾನು ಎಡಬಾಗಿಲಿನ ಕಡೆ ಇದ್ದೆ.
ಹಲಗೆಯ ಮೇಲೆ ಏಳು.
ಟೇಪು ಹಿಡಿದರೆ ಎಂಟು.
ಸುತ್ತು ಹಾಕಿ ಬಲಬಾಗಿಲಿಗೆ ಹೋಗಿ ಬಗ್ಗಿದೆ.
ಎಂಟು.

ಈ ಕಾರು ನನಗೆ ನೆನಪಿಲ್ಲ.
ಕೆಂಪು ಕಾರುಗಳು ಬರುತ್ತಿದ್ದವು, ಹೋಗುತ್ತಿದ್ದವು.
ಮಳವಳ್ಳಿಯಿಂದ ಬಂದ ಹನ್ನೆರಡರ ಹುಡುಗ,
ಉಸ್ತಾದರು ಬಲಕ್ಕೆ ಕೂತರೆ ಎಡಕ್ಕೆ ಕೂರುತ್ತಿದ್ದ,
ಕತ್ತರಿ ಅವನ ಕೈಗೆ ದೊಡ್ಡದಾಗುತ್ತಿತ್ತು.
ಕತ್ತರಿಸಿದ್ದು ನಾನೋ, ನನಗಿಂತ ಮುಂಚಿನವನೋ.
ಆ ದಿನ ಗಜಕಡ್ಡಿ ಬಿದ್ದಿದ್ದರೆ
ನೆನಪಿರುತ್ತಿತ್ತು.

ಅಂಗಡಿ ಮುಚ್ಚಿ, ಹುಡುಗನನ್ನು ಮನೆಗೆ ಕಳಿಸಿ,
ಲಾಂದ್ರ ಹತ್ತಿರ ಎಳೆದುಕೊಂಡು
ಒಂದಿಂಚಿಗೆ ಎಷ್ಟು ಹೊತ್ತು ಹಿಡಿಯಿತೋ.
ಬೆಳಿಗ್ಗೆ ಏನೂ ಹೇಳದೆ
ಟೀ ತರೋಕೆ ಕಳಿಸಿರಬೇಕು.

ಬಿಸಿಲು ಹೊರಡೋದಕ್ಕೆ ಹತ್ತು ನಿಮಿಷ ಇತ್ತು.
ಪೆನ್ಸಿಲ್ಲು ಎಂಜಲು ಮಾಡಿ
ಎಂಟರ ಕೆಳಗೆ ಅಡ್ಡ ಒಂದು ಗೆರೆ ಎಳೆದೆ,
ಯಾವ ಬಾಗಿಲಿಂದ ಬಗ್ಗಿದವನಿಗೂ
ಬುಡ ಎಲ್ಲಿದೆ ಅಂತ ತಿಳಿಯಲಿ.
"ಮುಚ್ಚಿ ಹೋಗುತ್ತಲ್ಲ ಅಣ್ಣ, ಯಾರು ನೋಡ್ತಾರೆ?"
ನೀನು ಹಿಂಬದಿಗೆ ಅಂಟು ಬಳಿ ಅಂದೆ,
ಅಂಚು ಬಿಟ್ಟು.

ಶನಿವಾರ ಸಂಜೆ ಡಾಕ್ಟರು ಬಂದರು.
ಬಾಗಿಲು ತೆಗೆದು, ಒಂದು ಗಳಿಗೆ ನಿಂತು,
ಚಪ್ಪಲಿ ಬಿಟ್ಟು ಹತ್ತಿದರು.
ಗುಡ್ಡದ ಬಗಲಿಗೆ, ಕ್ಲಚ್ಚಿನ ಹತ್ತಿರ,
ಒಂದು ಸಣ್ಣ ಸುಕ್ಕು ಉಳಿದಿತ್ತು.
ಅವರಿಗೆ ಕಾಣಲಿಲ್ಲ.